ಬಸ್ಸಿನ ಸೀಟು ಸಿಕ್ಕ ಮೇಲೆ



2025ರ ಯುಗಾದಿಯ ಮರುದಿನ ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ದೂರವಾಣಿ ಮಾಡಿದ್ದ. ಹಬ್ಬದ ಮಾತು, ಹೋಳಿಗೆಯ ಮಾತು ಎಲ್ಲ ಮುಗಿದ ಮೇಲೆ, "ಮಾವ, ನಮ್ಮ ಸರ್ಟಿಫಿಕೇಟು ಇನ್ನು ಮುಂದೆ ಕೆಲಸಕ್ಕೆ ಬರುವುದು ಅನುಮಾನ" ಎಂದು ನಿಟ್ಟುಸಿರು ಬಿಟ್ಟ. ಅವನದು ದೊಡ್ಡ ಕಂಪನಿಗಳಿಗೆ ಕಂಪ್ಯೂಟರ್ ಕೆಲಸದವರನ್ನು ಒದಗಿಸುವ ಸಣ್ಣ ಸಂಸ್ಥೆ. ಯಾವ ಸರ್ಟಿಫಿಕೇಟು ಎಂದು ಕೇಳಿದೆ. "ಅಲ್ಪಸಂಖ್ಯಾತರ ಒಡೆತನದ ಉದ್ದಿಮೆ ಅಂತ" ಎಂದ. ನನಗೆ ನಗು ತಡೆಯಲಾಗಲಿಲ್ಲ. "ನೀನು ಯಾವ ಲೆಕ್ಕದಲ್ಲಿ ಅಲ್ಪಸಂಖ್ಯಾತನಪ್ಪಾ?" ಎಂದೆ. ನಮ್ಮಲ್ಲಿ ಆ ಪದ ಮತಧರ್ಮಕ್ಕೆ ಸಂಬಂಧಿಸಿದ್ದು. ಅಲ್ಲಿ ಜನಾಂಗಕ್ಕೆ ಸಂಬಂಧಿಸಿದ್ದು ಎಂದು ಅವನು ವಿವರಿಸಿದ. ಭಾರತೀಯ ಮೂಲದವರ ಪಾಲು ನೂರಕ್ಕೆ 51ಕ್ಕೆ ಕಡಿಮೆಯಿಲ್ಲದೆ ಇದ್ದು, ಆಡಳಿತವೂ ಅವರ ಕೈಯಲ್ಲೇ ಇದ್ದರೆ ಆ ಪತ್ರ ದೊರೆಯುತ್ತದೆಯಂತೆ. ಹದಿನೈದು ವರ್ಷಗಳ ಹಿಂದೆ ಅವನಿಗೆ ಒಂದು ಬಹುದೊಡ್ಡ ಕಂಪನಿಯ ಖರೀದಿ ವಿಭಾಗದ ಬಾಗಿಲು ತೆರೆದದ್ದು ಆ ಪತ್ರದಿಂದಲೇ.

ಮೂವತ್ತನಾಲ್ಕು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಆ ಪತ್ರದ ಹಿಂದಿನ ಇತಿಹಾಸ ನನಗೆ ತಿಳಿದಿರಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ಓದಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದು ಒಂದು ಹಳೆಯ ಸಾಲ.

1990ರ ದಶಕದ ಆರಂಭದಲ್ಲಿ, ಹತ್ತನೆಯ ತರಗತಿಯಲ್ಲಿ ಒಂದು ದಿನ ಪಾಠದ ದಾರಿ ತಪ್ಪಿ ಅಮೆರಿಕದ ಕಪ್ಪು ಜನರ ಹೋರಾಟವನ್ನು ಹೇಳತೊಡಗಿದ್ದೆ. 1955ರ ಡಿಸೆಂಬರ್ 1ರಂದು ಮಾಂಟ್ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಎಂಬಾಕೆ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡದೆ ಬಂಧನಕ್ಕೊಳಗಾದದ್ದು, ಜನರು 381 ದಿನ ಬಸ್ಸು ಹತ್ತದೆ ನಡೆದೇ ಓಡಾಡಿದ್ದು, ಕಡೆಗೆ ಗೆದ್ದದ್ದು. ಸ್ವಲ್ಪ ನಾಟಕೀಯವಾಗಿಯೇ ಹೇಳಿದ್ದೆನೆಂದು ಕಾಣುತ್ತದೆ; ತರಗತಿ ಸ್ತಬ್ಧವಾಗಿತ್ತು. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತು, "ಸಾರ್, ಸೀಟು ಸಿಕ್ತು ಸರಿ. ಟಿಕೇಟಿಗೆ ದುಡ್ಡು?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕು, "ಕೂತ್ಕೋ" ಎಂದೆ. ಅವನು ಊರಿನ ಹೊರಕೇರಿಯಿಂದ ಬರುತ್ತಿದ್ದ ಹುಡುಗ. ಅದು ತಮಾಷೆಯ ಪ್ರಶ್ನೆಯಲ್ಲವೆಂದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ.

ಅದೇ ಪ್ರಶ್ನೆಯನ್ನು ಅಲ್ಲಿಯ ಜನರೂ ಕೇಳಿಕೊಂಡಿದ್ದರು. 1963ರ ಆಗಸ್ಟ್ 28ರ ವಾಷಿಂಗ್ಟನ್ ಮೆರವಣಿಗೆಯನ್ನು ನಾವೆಲ್ಲ ಮಾರ್ಟಿನ್ ಲೂಥರ್ ಕಿಂಗರ ಕನಸಿನ ಭಾಷಣದಿಂದ ಬಲ್ಲೆವು. ಆದರೆ ಆ ಮೆರವಣಿಗೆಯ ಪೂರ್ಣ ಹೆಸರು 'ಉದ್ಯೋಗಕ್ಕಾಗಿ ಮತ್ತು ಸ್ವಾತಂತ್ರ್ಯಕ್ಕಾಗಿ' ಎಂದಿತ್ತು. ಉದ್ಯೋಗವೇ ಮೊದಲು. ನಾನು ಪಾಠ ಮಾಡುವಾಗ ಆ ಮೊದಲ ಪದವನ್ನು ಬಿಟ್ಟೇ ಮಾಡಿದ್ದೆ.

ಅದಕ್ಕೂ ಮೂರು ವರ್ಷ ಮೊದಲೇ, 1960ರಲ್ಲಿ, ಫಿಲಡೆಲ್ಫಿಯ ನಗರದಲ್ಲಿ ಲಿಯಾನ್ ಸಲಿವನ್ ಎಂಬ ಪಾದ್ರಿ ಒಂದು ಉಪಾಯ ಹೂಡಿದ್ದರು. ಆರಡಿಗೂ ಮೀರಿದ ಎತ್ತರದ ಈ ಮನುಷ್ಯ ಸುಮಾರು ನಾನೂರು ಕಪ್ಪು ಪಾದ್ರಿಗಳನ್ನು ಒಟ್ಟುಗೂಡಿಸಿದರು. ಅವರ ಮೊದಲ ಗುರಿ ಟೇಸ್ಟಿ ಬೇಕಿಂಗ್ ಎಂಬ ಕೇಕು ತಯಾರಿಸುವ ಕಂಪನಿ. ಕಪ್ಪು ಜನರು ಆ ಕೇಕನ್ನು ಯಥೇಚ್ಛವಾಗಿ ಕೊಳ್ಳುತ್ತಿದ್ದರು. ಆದರೆ ಕಂಪನಿಯ ಒಳ್ಳೆಯ ಕೆಲಸಗಳಲ್ಲಿ ಅವರಿಗೆ ಜಾಗವಿರಲಿಲ್ಲ. ಪಾದ್ರಿಗಳು ಹೋಗಿ ಕೇಳಿದರು, ಕಂಪನಿ ಒಪ್ಪಲಿಲ್ಲ. ಮುಂದಿನ ಭಾನುವಾರ ಚರ್ಚುಗಳ ವೇದಿಕೆಯಿಂದ, ಈ ಕಂಪನಿಯ ಕೇಕು ಕೊಳ್ಳಬೇಡಿ ಎಂಬ ಮಾತು ಹೊರಟಿತು. ಘೋಷಣೆ, ಧರಣಿ ಯಾವುದೂ ಇಲ್ಲ. ಅಂಗಡಿಯ ಕಪಾಟುಗಳಲ್ಲಿ ಕೇಕು ಉಳಿಯತೊಡಗಿತು. ಕೆಲವೇ ವಾರಗಳಲ್ಲಿ ಕಂಪನಿ ಒಪ್ಪಿತು. ನಮ್ಮ ಸ್ವದೇಶಿ ಚಳವಳಿಯನ್ನು ಓದಿದ ನಿಮಗೆ ಇದು ಅಪರಿಚಿತವೇನಲ್ಲ.

ಕಿಂಗರು 1962ರಲ್ಲಿ ಸಲಿವನ್ನರನ್ನು ಅಟ್ಲಾಂಟಕ್ಕೆ ಕರೆಸಿ ಈ ವಿಧಾನವನ್ನು ಕೇಳಿ ತಿಳಿದುಕೊಂಡರು. ಹೀಗೆ ಹುಟ್ಟಿದ್ದು 'ಆಪರೇಷನ್ ಬ್ರೆಡ್‌ಬಾಸ್ಕೆಟ್', ಅಂದರೆ ರೊಟ್ಟಿಬುಟ್ಟಿಯ ಕಾರ್ಯಾಚರಣೆ. 1966ರಲ್ಲಿ ಅದು ಷಿಕಾಗೋಗೆ ಬಂದಾಗ ಅದರ ಹೊಣೆ ಹೊತ್ತವರು ಆಗಿನ್ನೂ ಇಪ್ಪತ್ತನಾಲ್ಕರ ತರುಣರಾಗಿದ್ದ ಜೆಸ್ಸಿ ಜಾಕ್ಸನ್. ನಮ್ಮ ಕಥೆಯ ನಿಜವಾದ ತಿರುವು ಇಲ್ಲಿದೆ. ಅಲ್ಲಿಯವರೆಗೆ ಕೇಳುತ್ತಿದ್ದದ್ದು ಕೆಲಸ. ಷಿಕಾಗೋದಲ್ಲಿ ಪಾದ್ರಿಗಳು ದೊಡ್ಡ ದಿನಸಿ ಮಳಿಗೆಗಳ ಒಡೆಯರ ಮುಂದೆ ಬೇರೊಂದು ಪ್ರಶ್ನೆಯನ್ನಿಟ್ಟರು: ನೀವು ಯಾರಿಂದ ಕೊಳ್ಳುತ್ತೀರಿ? ನಮ್ಮ ಕೇರಿಯಲ್ಲಿಯೂ ಹಾಲು, ಸಾಸೇಜು, ನೆಲ ತೊಳೆಯುವ ದ್ರಾವಣ ತಯಾರಿಸುವವರಿದ್ದಾರೆ; ಅವರ ಸರಕು ನಿಮ್ಮ ಕಪಾಟಿನಲ್ಲಿ ಏಕಿಲ್ಲ? ನಿಮ್ಮ ಅಂಗಡಿಯ ಕಸವನ್ನು ಸಾಗಿಸುವವರು, ಇಲಿ ಜಿರಲೆಗಳಿಗೆ ಔಷಧ ಹೊಡೆಯುವವರು ಯಾರು? ದಿನದ ವಸೂಲಿಯನ್ನು ಯಾವ ಬ್ಯಾಂಕಿನಲ್ಲಿಡುತ್ತೀರಿ? ಒಪ್ಪಿದ ಕಂಪನಿಗಳೊಡನೆ ಬರೆಹದಲ್ಲಿ ಒಡಂಬಡಿಕೆಯಾಗುತ್ತಿತ್ತು. ಒಪ್ಪದಿದ್ದರೆ ಅಂಗಡಿಯ ಮುಂದೆ ಜನ ನಿಲ್ಲುತ್ತಿದ್ದರು.

ಕೂಲಿ ಸಿಕ್ಕರೆ ಒಂದು ಮನೆ ನಡೆಯುತ್ತದೆ. ಸರಬರಾಜಿನ ಆರ್ಡರು ಸಿಕ್ಕರೆ ಕೇರಿಯಲ್ಲೇ ನಾಲ್ಕು ಜನರಿಗೆ ಕೂಲಿ ಕೊಡುವ ಇನ್ನೊಬ್ಬ ಹುಟ್ಟುತ್ತಾನೆ. ಇದನ್ನು ಕಿಂಗರು ಚೆನ್ನಾಗಿ ಅರಿತಿದ್ದರು. 1968ರ ಏಪ್ರಿಲ್ 3ರಂದು ಮೆಂಫಿಸ್ಸಿನಲ್ಲಿ ಮಾಡಿದ ಅವರ ಕಡೆಯ ಭಾಷಣದ ಪರ್ವತಶಿಖರದ ಮಾತೊಂದನ್ನೇ ಎಲ್ಲರೂ ನೆನೆಯುತ್ತಾರೆ. ಅದೇ ಭಾಷಣದ ನಡುವೆ ಅವರು ಯಾವ ಬ್ರೆಡ್ಡು, ಯಾವ ಹಾಲು ಕೊಳ್ಳಬಾರದು, ಹಣವನ್ನು ತೆಗೆದು ಯಾವ ಕಪ್ಪು ಬ್ಯಾಂಕಿನಲ್ಲಿಡಬೇಕು ಎಂಬುದನ್ನೂ ಹೆಸರು ಹಿಡಿದು ಹೇಳಿದ್ದಾರೆ. ಮರುದಿನ ಅವರ ಹತ್ಯೆಯಾಯಿತು.

ದೊಡ್ಡ ಕಂಪನಿಗಳು ತಾವಾಗಿ ಮುಂದೆ ಬಂದದ್ದು ಕೇವಲ ಔದಾರ್ಯದಿಂದಲ್ಲ ಎಂಬುದನ್ನು ಇತಿಹಾಸದ ವಿದ್ಯಾರ್ಥಿ ಗಮನಿಸಬೇಕು. 1967ರ ಜುಲೈ ತಿಂಗಳಲ್ಲಿ ಮೋಟಾರು ನಗರಿ ಡೆಟ್ರಾಯಿಟ್ ಹೊತ್ತಿ ಉರಿಯಿತು. 43 ಜನ ಸತ್ತರು. ಆ ಹೊಗೆ ಕಾರ್ಖಾನೆಗಳ ಕಛೇರಿಗಳಿಗೂ ಕಾಣುತ್ತಿತ್ತು. ಮರುವರ್ಷ, 1968ರಲ್ಲಿ, ಜನರಲ್ ಮೋಟಾರ್ಸ್ ಅಲ್ಪಸಂಖ್ಯಾತ ಸರಬರಾಜುದಾರರಿಗಾಗಿಯೇ ಒಂದು ಕಾರ್ಯಕ್ರಮವನ್ನು ಆರಂಭಿಸಿತು. 1971ರಲ್ಲಿ ಅದೇ ಕಂಪನಿಯ ನಿರ್ದೇಶಕ ಮಂಡಲಿಗೆ ಮೊದಲ ಕಪ್ಪು ಸದಸ್ಯರಾಗಿ ಸೇರಿದವರು ಯಾರು ಗೊತ್ತೇ? ಕೇಕು ಕೊಳ್ಳಬೇಡಿ ಎಂದಿದ್ದ ಅದೇ ಲಿಯಾನ್ ಸಲಿವನ್. ಹನ್ನೊಂದು ವರ್ಷದಲ್ಲಿ ಬಾಗಿಲ ಹೊರಗಿನಿಂದ ಮೇಜಿನ ಬಳಿಗೆ.

ಸರಕಾರದ ಕಡೆಯಿಂದ ಹೆಜ್ಜೆಯಿಟ್ಟವರು ರಿಚರ್ಡ್ ನಿಕ್ಸನ್. ವಾಟರ್‌ಗೇಟಿನ ನಿಕ್ಸನ್ನೇ ಹೌದು. 1969ರ ಮಾರ್ಚ್ 5ರ ಆಜ್ಞೆಯಿಂದ ಅವರು ಅಲ್ಪಸಂಖ್ಯಾತರ ಉದ್ದಿಮೆಗೆಂದು ಒಂದು ಕಛೇರಿಯನ್ನು ಸ್ಥಾಪಿಸಿದರು. 1972ರಲ್ಲಿ ದೊಡ್ಡ ಕಂಪನಿಗಳ ಖರೀದಿ ಅಧಿಕಾರಿಗಳನ್ನು ಒಳಗೊಂಡ ಒಂದು ರಾಷ್ಟ್ರೀಯ ಮಂಡಲಿ ರಚನೆಯಾಯಿತು. ನನ್ನ ಸೋದರಳಿಯನಿಗೆ ಪತ್ರ ಕೊಟ್ಟದ್ದು ಅದರ ಪ್ರಾಂತೀಯ ಶಾಖೆಯೇ. ಆಮೇಲೆ 1978ರ ಕಾನೂನು, ಸರಕಾರದಿಂದ ಐದು ಲಕ್ಷ ಡಾಲರಿಗೆ ಮೇಲ್ಪಟ್ಟ ಗುತ್ತಿಗೆ ಪಡೆಯುವ ದೊಡ್ಡ ಕಂಪನಿಗಳು, ಅದರಲ್ಲಿ ಎಷ್ಟನ್ನು ಸಣ್ಣವರಿಗೂ ಹಿಂದುಳಿಸಲ್ಪಟ್ಟವರಿಗೂ ಹಂಚುತ್ತೇವೆಂಬ ಯೋಜನೆಯನ್ನು ಬರೆದುಕೊಡಲೇಬೇಕೆಂದು ವಿಧಿಸಿತು. ಕಟ್ಟಡ ಕಾಮಗಾರಿಗೆ ಆ ಮಿತಿ ಹತ್ತು ಲಕ್ಷ.

ಇದನ್ನು ಓದುತ್ತಾ ನನಗೆ ಅತ್ಯಂತ ಕುತೂಹಲವೆನಿಸಿದ್ದು ಕಾನೂನಲ್ಲ, ಖರೀದಿ ವಿಭಾಗದ ಗುಮಾಸ್ತನ ಮನಸ್ಸು. ಯಾರಿಗೂ ದ್ವೇಷವಿರಬೇಕಾದ ಅಗತ್ಯವಿಲ್ಲ. ಇಪ್ಪತ್ತು ವರ್ಷದಿಂದ ಬೋಲ್ಟು ಕೊಡುತ್ತಿರುವವನು ಇದ್ದಾನೆ, ಅವನ ಮಾಲು ಚೆನ್ನಾಗಿದೆ, ಅವನೊಡನೆ ಊಟ ಮಾಡಿ ಅಭ್ಯಾಸವಾಗಿದೆ. ಹೊಸಬನನ್ನು ಏಕೆ ಕೇಳಬೇಕು? ಹೊಸಬನಿಗೆ ಅನುಭವವಿಲ್ಲ. ಅನುಭವವಿಲ್ಲದ್ದರಿಂದ ಆರ್ಡರಿಲ್ಲ, ಆರ್ಡರಿಲ್ಲದ್ದರಿಂದ ಬ್ಯಾಂಕಿನ ಸಾಲವಿಲ್ಲ, ಸಾಲವಿಲ್ಲದ್ದರಿಂದ ಯಂತ್ರವಿಲ್ಲ. ಈ ಸುಳಿಯನ್ನು ಒಡೆಯುವುದಕ್ಕೆ ಮೊದಲು ಬೇಕಾದದ್ದು ಪರಿಚಯ. ಆದ್ದರಿಂದಲೇ ಆ ಮಂಡಲಿಯವರು ಮೇಳಗಳನ್ನು ನಡೆಸಿ ಕೊಳ್ಳುವವರನ್ನೂ ಮಾರುವವರನ್ನೂ ಒಂದೇ ಮೇಜಿಗೆ ಕೂರಿಸಿದರು. ಕಾರ್ಖಾನೆಗೆ ಹೋಗಿ, ಒಡೆಯನು ನಿಜವಾಗಿಯೂ ಒಡೆಯನೇ ಎಂದು ನೋಡಿಬಂದು ಪತ್ರ ಕೊಟ್ಟರು. ಕೆಲವು ಕಂಪನಿಗಳು ಇನ್ನೂ ಮುಂದೆ ಹೋಗಿ, ತಮಗೆ ನೇರವಾಗಿ ಮಾರುವ ದೊಡ್ಡ ಸರಬರಾಜುದಾರರನ್ನು ಕರೆದು, ನೀವು ಯಾರಿಂದ ಕೊಳ್ಳುತ್ತೀರೆಂದು ಲೆಕ್ಕ ಕೇಳಿದವು. 2001ರಲ್ಲಿ, ವರ್ಷಕ್ಕೆ ಕನಿಷ್ಠ ನೂರು ಕೋಟಿ ಡಾಲರುಗಳಷ್ಟನ್ನು ಅಲ್ಪಸಂಖ್ಯಾತರ ಮತ್ತು ಮಹಿಳೆಯರ ಉದ್ದಿಮೆಗಳಿಂದ ಕೊಳ್ಳುವ ಕಂಪನಿಗಳದೇ ಒಂದು ಕೂಟವಾಯಿತು.

ನಗರಾಡಳಿತದ ಕಥೆಯಲ್ಲಿ ಅಟ್ಲಾಂಟವನ್ನು ಬಿಡುವಂತಿಲ್ಲ. 1973ರಲ್ಲಿ ಅಲ್ಲಿಯ ಮೊದಲ ಕಪ್ಪು ಮೇಯರಾಗಿ ಆಯ್ಕೆಯಾದ ಮೇನಾರ್ಡ್ ಜಾಕ್ಸನ್ನರಿಗೆ ಆಗ ಮೂವತ್ತೈದು ವರ್ಷ. ನಗರದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನರಿದ್ದರೂ ನಗರಸಭೆಯ ಗುತ್ತಿಗೆಗಳಲ್ಲಿ ಅವರ ಪಾಲು ನೂರಕ್ಕೆ ಒಂದೂ ಇರಲಿಲ್ಲ. ಹೊಸ ವಿಮಾನ ನಿಲ್ದಾಣದ ಕಾಮಗಾರಿಯಲ್ಲಿ ನೂರಕ್ಕೆ 25 ಅಲ್ಪಸಂಖ್ಯಾತರ ಉದ್ದಿಮೆಗಳಿಗೆ ಸಲ್ಲಬೇಕೆಂದು ಮೇಯರು ಹಟ ಹಿಡಿದರು. ಅಷ್ಟು ದೊಡ್ಡ ಕೆಲಸ ಮಾಡುವ ಕಪ್ಪು ಕಂಪನಿಗಳೆಲ್ಲಿವೆ ಎಂದು ಗುತ್ತಿಗೆದಾರರು ಗದ್ದಲವೆಬ್ಬಿಸಿದರು. ದೊಡ್ಡವರು ಸಣ್ಣವರೊಡನೆ ಪಾಲುದಾರಿಕೆ ಮಾಡಿಕೊಂಡು ಬನ್ನಿ ಎಂದರು ಮೇಯರು. ಒಂದು ಕಾಲದಲ್ಲಿ ಕೆಲಸವೇ ನಿಂತಿತ್ತು, ಅವರು ಮಣಿಯಲಿಲ್ಲ. 1980ರ ಸೆಪ್ಟೆಂಬರಿನಲ್ಲಿ ನಿಲ್ದಾಣ ತೆರೆಯಿತು. ನಿಮ್ಮಲ್ಲಿ ಎಷ್ಟೋ ಜನ ಅಲ್ಲಿ ವಿಮಾನ ಬದಲಿಸಿರುತ್ತೀರಿ.

ಮೋಸವೂ ನಡೆಯಿತು, ಮುಚ್ಚಿಡುವುದು ಬೇಡ. ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ವೆಡ್‌ಟೆಕ್ ಎಂಬ ಕಂಪನಿಯಿತ್ತು. ಒಡೆಯನು ಪೋರ್ಟೊರಿಕೊ ಮೂಲದವನೆಂದು ತೋರಿಸಿ ಸೇನೆಯ ಗುತ್ತಿಗೆಗಳನ್ನು ಪೈಪೋಟಿಯಿಲ್ಲದೆ ಪಡೆದುಕೊಂಡಿತು. ಆದರೆ ಪಾಲು ಅರ್ಧದಷ್ಟು ಇನ್ನೊಬ್ಬನದಾಗಿತ್ತು. ಲಂಚ ತಿಂದ ಒಬ್ಬ ಕಾಂಗ್ರೆಸ್ ಸದಸ್ಯರಿಗೂ 1988ರಲ್ಲಿ ಶಿಕ್ಷೆಯಾಯಿತು. ಬೇನಾಮಿ ಎಂಬುದಕ್ಕೆ ಅವರಲ್ಲಿ ಇಷ್ಟು ಚೆಂದದ ಪದವಿಲ್ಲವೆಂದು ತೋರುತ್ತದೆ.

ದೊಡ್ಡ ಪೆಟ್ಟು ಬಿದ್ದದ್ದು ನ್ಯಾಯಾಲಯದಲ್ಲಿ, ಅದೂ ಒಂದು ಸೆರೆಮನೆಯ ಶೌಚಾಲಯದ ದೆಸೆಯಿಂದ. ವರ್ಜೀನಿಯದ ರಿಚ್ಮಂಡ್ ನಗರಸಭೆ 1983ರಲ್ಲಿ, ಕಾಮಗಾರಿ ಪಡೆದವರು ಅದರ ಮೊತ್ತದ ನೂರಕ್ಕೆ 30ರಷ್ಟನ್ನು ಅಲ್ಪಸಂಖ್ಯಾತರ ಉದ್ದಿಮೆಗಳಿಗೆ ಒಳಗುತ್ತಿಗೆ ಕೊಡಬೇಕೆಂದು ನಿಯಮ ಮಾಡಿತು. ನಗರದ ಅರ್ಧ ಜನ ಕಪ್ಪು ಜನರು; ಹಿಂದಿನ ಐದು ವರ್ಷಗಳ ಗುತ್ತಿಗೆಯಲ್ಲಿ ಅಲ್ಪಸಂಖ್ಯಾತರ ಪಾಲು ನೂರಕ್ಕೆ 0.67. ಸೆರೆಮನೆಯ ಶೌಚಾಲಯಕ್ಕೆ ಉಕ್ಕಿನ ಸಾಮಗ್ರಿ ಅಳವಡಿಸುವ ಕೆಲಸಕ್ಕೆ ಕ್ರೋಸನ್ ಎಂಬ ಕಂಪನಿಯೊಂದೇ ಟೆಂಡರು ಹಾಕಿತ್ತು. ನಿಯಮ ಪಾಲಿಸಿದರೆ ಖರ್ಚು ಹೆಚ್ಚುತ್ತದೆಂದು ಅದು ದಾವೆ ಹೂಡಿತು. 1989ರ ಜನವರಿ 23ರಂದು ಸುಪ್ರೀಂ ಕೋರ್ಟು ಆರು-ಮೂರರ ಬಹುಮತದಿಂದ ನಗರಸಭೆಯ ನಿಯಮವನ್ನು ರದ್ದು ಮಾಡಿತು. ಜನಸಂಖ್ಯೆಗೂ ಗುತ್ತಿಗೆಗೂ ಇರುವ ಅಂತರ ತಾರತಮ್ಯಕ್ಕೆ ಸಾಕ್ಷಿಯಾಗದು ಎಂಬುದು ಒಂದು ವಾದ. ಇನ್ನೊಂದು ಮಾತು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು: ನಿಯಮದ ಪಟ್ಟಿಯಲ್ಲಿ ಎಸ್ಕಿಮೋಗಳೂ ಅಲ್ಯೂಟರೂ ಇದ್ದರು, ರಿಚ್ಮಂಡಿನಲ್ಲಿ ಅವರಿಗೆ ಅನ್ಯಾಯವಾಗಿದೆಯೆಂಬುದಕ್ಕೆ ಆಧಾರವೇನು ಎಂದು ತೀರ್ಪು ಬರೆದ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಪ್ರಶ್ನಿಸಿದ್ದರು. ತೀರ್ಪನ್ನು ನಾನು ಒಪ್ಪಲಾರೆ. ಆ ಒಂದು ಪ್ರಶ್ನೆಯನ್ನು ತಳ್ಳಿಹಾಕಲೂ ಆರೆ. ಏಕೆಂದರೆ ಅದು ನಮ್ಮ ಮನೆಯವರೆಗೂ ಬರುತ್ತದೆ.

ನಾವು ಆ ಪಟ್ಟಿಗೆ ಸೇರಿದ್ದು ಹೇಗೆ? 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬುವರಿಗೆ, ನೀವು ಬಿಳಿಯರಲ್ಲ ಎಂದು ಹೇಳಿ ಅದೇ ಸುಪ್ರೀಂ ಕೋರ್ಟು ಪೌರತ್ವ ನಿರಾಕರಿಸಿತ್ತು. ಭಾರತೀಯರಿಗೆ ಆ ಹಕ್ಕು ದೊರೆತದ್ದು 1946ರಲ್ಲಿ. ಆ ಕಾಲದವರ ಕಷ್ಟ ಸಾಮಾನ್ಯವಲ್ಲ. ಆದರೆ 1965ರ ವಲಸೆ ಕಾನೂನಿನ ನಂತರ ಹೋದವರು ಬೇರೆ: ವೈದ್ಯರು, ಎಂಜಿನಿಯರರು. ತಮ್ಮನ್ನು ಅಲ್ಪಸಂಖ್ಯಾತರೆಂದು ಎಣಿಸಬೇಕೇ ಎಂಬ ವಿಷಯದಲ್ಲಿ ಅಲ್ಲಿಯ ಭಾರತೀಯ ಸಂಘಗಳಲ್ಲಿಯೇ 1970ರ ದಶಕದಲ್ಲಿ ಒಮ್ಮತವಿರಲಿಲ್ಲ. ಕಡೆಗೆ, ಬೇಕು ಎಂದವರ ಕೈ ಮೇಲಾಯಿತು. 1980ರ ಜನಗಣತಿಯಲ್ಲಿ ಪ್ರತ್ಯೇಕ ಕಲಮು ಬಂತು. 1982ರಲ್ಲಿ ಸರಕಾರದ ಸಣ್ಣ ಉದ್ದಿಮೆಗಳ ಇಲಾಖೆಯ ಪಟ್ಟಿಯಲ್ಲಿಯೂ ಸ್ಥಾನ ದೊರೆಯಿತು.

ನನ್ನ ಸೋದರಳಿಯ ಒಳ್ಳೆಯವನು, ದುಡಿದು ಮೇಲೆ ಬಂದವನು. ಇಲ್ಲಿ ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ. ಆದರೆ ನಮ್ಮ ಮನೆತನ ಊರಿನಲ್ಲಿ ಯಾವ ಬಾಗಿಲಿನ ಹೊರಗೂ ನಿಂತದ್ದಲ್ಲ. ಹೊರಗೆ ನಿಲ್ಲಿಸಿದವರ ಸಾಲಿನಲ್ಲಿ ನಮ್ಮ ಹಿರಿಯರಿದ್ದರು. ಕರ್ನಾಟಕ ಸರಕಾರ 2017ರಲ್ಲಿ, 50 ಲಕ್ಷ ರೂಪಾಯಿಯವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯವರಿಗೆ ನೂರಕ್ಕೆ 17.15, ಪರಿಶಿಷ್ಟ ಪಂಗಡದವರಿಗೆ 6.95 ಎಂದು ಮೀಸಲಿಟ್ಟಾಗ (2023ರಲ್ಲಿ ಆ ಮಿತಿ ಒಂದು ಕೋಟಿಗೇರಿತು), ಇನ್ನು ಸೇತುವೆಗಳು ಉಳಿದ ಹಾಗೆಯೇ ಎಂಬ ಒಂದು ಲೇವಡಿಯ ಸಂದೇಶವನ್ನು ಕುಟುಂಬದ ಗುಂಪಿಗೆ ಕಳುಹಿಸಿದವನೂ ಅವನೇ. ಆಗ ಅವನ ಕಪಾಟಿನಲ್ಲಿ ಆ ಪತ್ರವಿತ್ತು! ಇದನ್ನು ಫೋನಿನಲ್ಲಿ ಹೇಳಿದೆ. ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ, "ನಾನು ಆ ತರಹ ಯೋಚನೆ ಮಾಡಿರಲಿಲ್ಲ ಮಾವ" ಎಂದ. ಸಂದೇಶ ಬಂದಾಗ ಓದಿ ಸುಮ್ಮನಿದ್ದವನು ನಾನು. ಹಾಗಾಗಿ ಹೆಚ್ಚು ಬೈಯುವ ಅಧಿಕಾರ ನನಗೂ ಇರಲಿಲ್ಲ.

ಈ ವಿಚಾರ ಅಮೆರಿಕದಿಂದ ನಮ್ಮಲ್ಲಿಗೆ ಬಂದ ದಾರಿಯೂ ಸ್ಪಷ್ಟವಾಗಿದೆ. 2002ರ ಜನವರಿಯಲ್ಲಿ ಭೋಪಾಲದಲ್ಲಿ ದಲಿತ ಚಿಂತಕರ ಸಮಾವೇಶ ನಡೆಯಿತು. ಚಂದ್ರಭಾನ್ ಪ್ರಸಾದರಂಥವರು ಅಮೆರಿಕದ ಕಪ್ಪು ಸರಬರಾಜುದಾರರ ಉದಾಹರಣೆಯನ್ನು ಮುಂದಿಟ್ಟು, ನೌಕರಿಯೊಂದೇ ಸಾಲದು, ಖರೀದಿಯಲ್ಲಿಯೂ ಪಾಲು ಬೇಕೆಂದರು. ದಿಗ್ವಿಜಯ ಸಿಂಗರ ಮಧ್ಯಪ್ರದೇಶ ಸರಕಾರ ಅದನ್ನು ಸ್ವಲ್ಪ ಮಟ್ಟಿಗೆ ಆಚರಣೆಗೂ ತಂದಿತು. 2005ರಲ್ಲಿ ಪುಣೆಯ ಮಿಲಿಂದ್ ಕಾಂಬ್ಳೆಯವರು ದಲಿತ ಉದ್ಯಮಿಗಳ ವಾಣಿಜ್ಯ ಮಂಡಲಿಯನ್ನು ಸ್ಥಾಪಿಸಿದರು. 2012ರ ಕೇಂದ್ರದ ನೀತಿ, ಸರಕಾರಿ ಇಲಾಖೆಗಳೂ ಉದ್ದಿಮೆಗಳೂ ತಮ್ಮ ಖರೀದಿಯ ನೂರಕ್ಕೆ 20ನ್ನು ಸಣ್ಣ ಉದ್ದಿಮೆಗಳಿಂದ, ಅದರೊಳಗೆ 4ನ್ನು ಪರಿಶಿಷ್ಟರ ಉದ್ದಿಮೆಗಳಿಂದ ಕೊಳ್ಳಬೇಕೆಂದಿತು. 2018ರಲ್ಲಿ ಆ 20 ಎಂಬುದು 25 ಆಯಿತು. ಒಡೆತನಕ್ಕೆ ಇಲ್ಲಿಯೂ ಅದೇ 51. ಆದರೆ 4ರ ಗುರಿಯನ್ನು ಬಹುಕಾಲ ಮುಟ್ಟಲೇ ಇಲ್ಲ. ಇದೆಲ್ಲ ಸರಕಾರದ ಮಾತು. ಖಾಸಗಿ ಕಂಪನಿಗಳು 2007ರ ಸುಮಾರಿಗೆ ಸ್ವಯಂಪ್ರೇರಿತ ಸಂಹಿತೆಯೊಂದನ್ನು ಒಪ್ಪಿಕೊಂಡವು, ಅಷ್ಟೆ.

ಅಲ್ಲಿ ಗಾಳಿ ಈಗ ತಿರುಗಿದೆ. ನಿಕ್ಸನ್ ಕಟ್ಟಿದ ಕಛೇರಿಯ ಉತ್ತರಾಧಿಕಾರಿ ಸಂಸ್ಥೆ ಎಲ್ಲ ಜನಾಂಗದವರಿಗೂ ತೆರೆದಿರಬೇಕೆಂದು 2024ರ ಮಾರ್ಚಿಯಲ್ಲಿ ಟೆಕ್ಸಸಿನ ನ್ಯಾಯಾಲಯವೊಂದು ತೀರ್ಪಿತ್ತಿತು. 2025ರ ಜನವರಿ 21ರಂದು ಅಧ್ಯಕ್ಷ ಟ್ರಂಪ್, ಗುತ್ತಿಗೆದಾರರ ಮೇಲೆ ಸಮಾನಾವಕಾಶದ ಹೊಣೆ ಹೊರಿಸಿದ್ದ 1965ರ ಜಾನ್ಸನ್ನರ ಆಜ್ಞೆಯನ್ನೇ ಹಿಂತೆಗೆದುಕೊಂಡರು. ಹಲವು ದೊಡ್ಡ ಕಂಪನಿಗಳು ತಾವಾಗಿಯೇ ಹಿಂದೆ ಸರಿದಿವೆ. ಸೋದರಳಿಯನ ನಿಟ್ಟುಸಿರಿನ ಹಿನ್ನೆಲೆ ಇದು. ಆದರೆ ಅವನೇ ಹೇಳಿದ ಹಾಗೆ, ಪತ್ರದಿಂದ ಸಿಕ್ಕಿದ್ದು ಮೊದಲ ಭೇಟಿ ಮಾತ್ರ; ಹದಿನೈದು ವರ್ಷದ ಕೆಲಸ ನೋಡಿದವರು ಈಗಲೂ ಕರೆಯುತ್ತಿದ್ದಾರೆ.

ಇನ್ನು ಆ ಹಿಂದಿನ ಬೆಂಚಿನ ಹುಡುಗನ ವಿಷಯ. ಐಟಿಐ ಮುಗಿಸಿ, ಹದಿನಾಲ್ಕು ವರ್ಷ ಬೇರೆಯವರ ಬಳಿ ದುಡಿದು, ಈಗ ಪೀಣ್ಯದಲ್ಲಿ ಎರಡು ಲೇತು, ಒಂದು ಮಿಲ್ಲಿಂಗ್ ಯಂತ್ರ ಇಟ್ಟುಕೊಂಡಿದ್ದಾನೆ. ಆರು ಜನರಿಗೆ ಸಂಬಳ ಕೊಡುತ್ತಾನೆ. ಒಂದು ದೊಡ್ಡ ಕಂಪನಿಯ ವೆಂಡರ್ ಪಟ್ಟಿಯಲ್ಲಿ ಹೆಸರು ಸೇರಿಸಲು ಮೂರು ವರ್ಷ ಓಡಾಡಿದನಂತೆ. ಸೇರಿತು, ಆರ್ಡರೂ ಬಂತು, ಮಾಲೂ ಹೋಯಿತು. 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾನೂನಿದೆ. ಅವನಿಗೆ ಬಂದದ್ದು ಏಳು ತಿಂಗಳಿಗೆ. ದೂರು ಕೊಡಬಾರದಿತ್ತೇ ಎಂದು ಕೇಳಿದೆ. "ಕೊಟ್ರೆ ದುಡ್ಡು ಬರುತ್ತೆ ಸಾರ್, ಮುಂದಿನ ಆರ್ಡರ್ ಬರಲ್ಲ" ಎಂದ.

ಕಳೆದ ತಿಂಗಳು ಅವನ ವರ್ಕ್‌ಶಾಪಿಗೆ ಹೋಗಿ, ಎಣ್ಣೆ ಮೆತ್ತಿದ ಸ್ಟೂಲಿನ ಮೇಲೆ ಕುಳಿತು ಈ ಇಡೀ ಕಥೆಯನ್ನು ಹೇಳಿದೆ, ಮೂವತ್ತು ವರ್ಷ ತಡವಾಗಿ. ಟಿಕೇಟಿನ ಪ್ರಶ್ನೆ ಅವನಿಗೆ ನೆನಪಿರಲಿಲ್ಲ. ನಾನು ನಕ್ಕು ಕೂರಿಸಿದ್ದು ನೆನಪಿತ್ತು. ಕ್ಷಮಿಸು ಎನ್ನುವಷ್ಟರಲ್ಲಿ, "ಬಿಡಿ ಸಾರ್, ಟೀ ಕುಡೀರಿ" ಎಂದು ಲೋಟ ಕೈಗಿತ್ತ. ಅವನಿಗೆ ಪಾದ್ರಿಗಳ ಕಥೆಗಿಂತ ಹೆಚ್ಚು ಹಿಡಿಸಿದ್ದು ದೊಡ್ಡವರೂ ಸಣ್ಣವರೂ ಪಾಲುದಾರರಾಗುವ ಅಟ್ಲಾಂಟದ ಏರ್ಪಾಡು. ಅಂಥ ಕರಾರಿನಲ್ಲಿ ಸಣ್ಣವನ ಹಣಕ್ಕೆ ಯಾರು ಜವಾಬು ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಅಮೆರಿಕದ ನಂಬರನ್ನು ಬರೆದುಕೊಟ್ಟು ಬಂದೆ. ಬರುವ ಭಾನುವಾರ ರಾತ್ರಿ ಎಂಟಕ್ಕೆ ಇಬ್ಬರೂ ಮಾತಾಡುವುದೆಂದು ನಿಶ್ಚಯವಾಗಿದೆ. ಸೋದರಳಿಯನಿಗೆ ಆಗ ಬೆಳಗಿನ ಹೊತ್ತು, ಕಾಫಿ ಕುಡಿದು ಕೂತಿರುತ್ತೇನೆ ಎಂದಿದ್ದಾನೆ.